ಏರಿನ ಮಧ್ಯೆ ನಿಂತು ಹೊರಡುವ ಸೈಕಲ್ಲು

ನಮ್ಮ ಮಾವನಿಗೆ 71. ಮನೆ ಚಿತ್ರದುರ್ಗದ ಜೋಗಿಮಟ್ಟಿ ರಸ್ತೆ ಕಡೆ. ಬೆಳಿಗ್ಗೆ ಸಂತೆಪೇಟೆಗೆ ಇಳಿದು ಬರುವುದು ಸಲೀಸು. ಸೊಪ್ಪು, ತೆಂಗಿನಕಾಯಿ ಕಟ್ಟಿಕೊಂಡು ವಾಪಸ್ ಏರುವುದೇ ಕಷ್ಟ. ಮೊಪೆಡ್ ಇದೆ, ಹತ್ತಲ್ಲ. "ಸೈಕಲ್ ಬಿಟ್ರೆ ಕಾಲೇ ಬಿಟ್ಟಂಗೆ ಕಣೋ ಅಳಿಯ" ಅನ್ನುತ್ತಾರೆ. ಅವರಿಗೊಂದು ಕರೆಂಟ್ ಸೈಕಲ್ ಮಾಡಿಕೊಡುತ್ತೇನೆ ಅಂದಾಗ ನಮ್ಮ ಬೀದಿಯಲ್ಲಿ ನನ್ನ ಹಾಗೇ ಸೈಕಲ್ ಶಾಪ್ ಇಟ್ಟಿರುವ ಇನ್ನಿಬ್ಬರು ನಕ್ಕರು. ದಾವಣಗೆರೆಯಂಥ ಬಯಲಿಗೆ ಸರಿ, ದುರ್ಗದ ಏರಿಗೆ ಇವೆಲ್ಲ ಆಗಲ್ಲ, ಅದರಲ್ಲೂ ವಯಸ್ಸಾದವರಿಗೆ ಅಂತೂ ಬೇಡವೇ ಬೇಡ ಅಂದರು. ಒಂದೂವರೆ ವರ್ಷ ಅವರು ಹೇಳಿದ್ದೇ ನಿಜವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲು ಕೊಂಡಿದ್ದು ರೆಡಿ ಸೈಕಲ್. 250 ವ್ಯಾಟ್ ಹಿಂದಿನ ಹಬ್, ಅಂದರೆ ಚಕ್ರದ ನಡುವೆಯೇ ಕೂರುವ ಮೋಟಾರ್, ಏಳೂವರೆ ಆಂಪಿಯರ್ ಅವರ್ ಬ್ಯಾಟರಿ, ಪೆಡಲ್ ಸುತ್ತುವುದನ್ನು ಮಾತ್ರ ನೋಡುವ ಮ್ಯಾಗ್ನೆಟ್ ಸೆನ್ಸರ್. ಸುಮಾರು 29 ಸಾವಿರ. ಅಂಗಡಿ ಮುಂದೆ ಜುಂ ಅಂತ ಓಡಿತು. ನಾನೇ ಏರು ಹತ್ತಿಸಿ ನೋಡಿದೆ, ಹತ್ತಿತು. ಮಾವನಿಗೆ ಕೊಟ್ಟೆ. ಮೂರನೇ ದಿನ ಏರಿನ ಮಧ್ಯೆ ಆಟೋ ಅಡ್ಡ ಬಂದು ನಿಂತರು. ಮತ್ತೆ ಹೊರಡಬೇಕು. ಪೆಡಲ್ ಅರ್ಧ ಸುತ್ತು ತಿರುಗುವ ತನಕ ಮೋಟಾರ್ ಎದ್ದೇಳಲ್ಲ, ಅಷ್ಟರಲ್ಲಿ ಸೈಕಲ್ಲು ಹಿಂದಕ್ಕೆ ಜಾರಿತು. ಅವರು ಜೋರಾಗಿ ತುಳಿದರು, ಆಗ ಮೋಟಾರ್ ಒಮ್ಮೆಲೇ ಎಳೆಯಿತು. ಎಡಗಡೆ ಬಿದ್ದರು. ಮಂಡಿ ತರಚಿತು, ದೇವರ ದಯೆ, ಮೂಳೆಗೇನೂ ಆಗಲಿಲ್ಲ. "ಇದು ಕೋಣ ಕಣೋ. ಎಬ್ಬಿಸಿದ್ರೆ ಏಳಲ್ಲ, ಎದ್ರೆ ನಿಲ್ಲಲ್ಲ" ಅಂದರು. ಅತ್ತೆ ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ನಾನು ಆಗ ಮಾಡಿದ ತಪ್ಪು, ಮೋಟಾರ್‌ಗೆ ಶಕ್ತಿ ಸಾಲದು ಅಂದುಕೊಂಡಿದ್ದು. ಆನ್‌ಲೈನಲ್ಲಿ 350 ವ್ಯಾಟಿನ ಹಬ್ ತರಿಸಿದೆ. 250 ವ್ಯಾಟ್, 25 ಕಿಲೋಮೀಟರ್ ವೇಗದ ಒಳಗಿದ್ದರೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. ಅದನ್ನು ದಾಟಿದರೆ ಆರ್‌ಟಿಒ ಲೆಕ್ಕಕ್ಕೆ ಬರುತ್ತೆ, ಗೊತ್ತಿದ್ದೂ ಟೆಸ್ಟಿಗೆ ಅಂತ ತಂದೆ. ಅದು 330 ಆರ್‌ಪಿಎಂ ಹತ್ತಿರದ, ಅಂದರೆ ಮಿನಿಟಿಗೆ ಅಷ್ಟು ಸುತ್ತು ತಿರುಗುವ ಮೋಟಾರ್, ಬಯಲಲ್ಲಿ ಹಾರುತ್ತಿತ್ತು. ಏರಿನಲ್ಲಿ ಮಾವನ ವೇಗ ಗಂಟೆಗೆ ಎಂಟು ಕಿಲೋಮೀಟರ್. ಅಂದರೆ ಚಕ್ರ ಮಿನಿಟಿಗೆ 65 ಸುತ್ತು. ಅಷ್ಟು ನಿಧಾನ ತಿರುಗುವಾಗ ಕರೆಂಟಿನ ಹೆಚ್ಚಿನ ಪಾಲು ಮೋಟಾರ್ ಬಿಸಿಮಾಡಲು ಹೋಯಿತು. ಹದಿನೈದು ದಿನಕ್ಕೆ ಒಳಗಿನ ನೈಲಾನ್ ಗೇರು ಸವೆದು ಕರಕರ ಶುರುವಾಯಿತು. ಹನ್ನೊಂದು ಸಾವಿರ ಹೋಯಿತು. ಅಂಗಡಿಗೆ ಬಂದವರು ಇವತ್ತಿಗೂ ಕೇಳುವ ಮೊದಲ ಪ್ರಶ್ನೆ ಎಷ್ಟು ವ್ಯಾಟ್ ಅಂತಲೇ. ಎಷ್ಟು ಆರ್‌ಪಿಎಂ ಅಂತ ಒಬ್ಬರೂ ಕೇಳಲ್ಲ.

ಮುಂದಿನ ಚಕ್ರಕ್ಕೂ ಹಬ್ ಹಾಕಿ ನೋಡಿದೆ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಬರುತ್ತೆ, ಮರಳು ಕಂಡಲ್ಲೆಲ್ಲ ಮುಂದಿನ ಚಕ್ರ ಸುಮ್ನೆ ಗಿರಗಿರ ತಿರುಗುತ್ತೆ. ಒಂದೇ ವಾರಕ್ಕೆ ಬಿಚ್ಚಿಟ್ಟೆ. ಪೆಡಲ್ ತಿರುಗುವ ಕ್ರ್ಯಾಂಕ್ ಹತ್ತಿರ ಕೂತು ಚೈನನ್ನೇ ಎಳೆಯುವ ಮಿಡ್ ಮೋಟಾರ್ ಒಂದನ್ನು ಗೆಳೆಯನೊಬ್ಬನಿಂದ ಎರವಲು ತಂದೆ. ಏರು ಹತ್ತುವುದರಲ್ಲಿ ಅದೇ ರಾಜ, ಒಪ್ಪುತ್ತೇನೆ. ಆದರೆ ಅದು ಹತ್ತುವುದು ಗೇರು ಇಳಿಸಿದರೆ. ಐವತ್ತು ವರ್ಷ ಗೇರಿಲ್ಲದ ಸೈಕಲ್ ತುಳಿದವರು ಗೇರು ಇಳಿಸುತ್ತಾರಾ? ಮಾವ ಟಾಪ್ ಗೇರಲ್ಲೇ ನಿಂತು ಟಾಪ್ ಗೇರಲ್ಲೇ ಹೊರಟರು. ಎರಡು ಸಲ ಚೈನ್ ಕಡಿಯಿತು.

ಇಷ್ಟಾದ ಮೇಲೆ ಒಂದು ವಿಷಯ ಹೊಳೆಯಿತು. ಟೆಸ್ಟ್ ಮಾಡುತ್ತಿರುವವನು ನಾನು. ನನಗೆ 44, ಕಾಲು ಗಟ್ಟಿ. ನಾನು ಹತ್ತಿಸಿದ್ದು ಮಾವನಿಗೆ ಹೇಗೆ ಲೆಕ್ಕವಾಗುತ್ತೆ? ಹಾಗಾಗಿ ಟೆಸ್ಟನ್ನೇ ಬದಲಾಯಿಸಿದೆ. ಬಲಗಾಲು ಪೆಡಲ್ ಮೇಲೆ ಇಡುವುದೇ ಇಲ್ಲ, ಎಡಗಾಲು ಒಂದರಲ್ಲೇ ತುಳಿಯುವುದು. ಕಾಲಿಗೆ ಹವಾಯಿ ಚಪ್ಪಲಿ, ಸೊಂಟಕ್ಕೆ ಪಂಚೆ. ಕ್ಯಾರಿಯರ್ ಮೇಲೆ ರಾಗಿ ಚೀಲ, ನನ್ನ ತೂಕಕ್ಕೂ ಗಿರಾಕಿಯ ತೂಕಕ್ಕೂ ಇರುವ ವ್ಯತ್ಯಾಸದಷ್ಟು, ಜೊತೆಗೆ ಸಂತೆ ಸಾಮಾನಿಗೆ ಎಂಟು ಕೆಜಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಬಾರದು, ಮೂರರಲ್ಲಿ ಒಂದು ಪಾಲು ಉಳಿದಿರಬೇಕು. ಯಾಕೆಂದರೆ ಸಣ್ಣ ಪ್ಯಾಕುಗಳು ಕೈಕೊಡುವುದು ಆಗಲೇ. 42 ವೋಲ್ಟ್ ಇದ್ದಾಗ ಎಲ್ಲವೂ ಹುಲಿ. 35ಕ್ಕೆ ಬಂದಾಗ ಏರಿನಲ್ಲಿ ಎಳೆದರೆ ವೋಲ್ಟೇಜ್ ದಬಕ್ ಅಂತ ಕುಸಿದು, ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಕಟ್ ಆಗುತ್ತೆ. ಮೊದಲ ಸೈಕಲ್ಲಿನ ಪ್ಯಾಕು ಹೀಗೆ ಎರಡು ಸಲ ಮಧ್ಯದಲ್ಲಿ ಸತ್ತಿತು.

ಆಮೇಲೆ ಜಾಗ. ಗಾರೆ ಕೆಲಸದವರ ಹತ್ತಿರ ಒಂದು ಮೀಟರಿನ ರಸಮಟ್ಟ ಇಸ್ಕೊಂಡು ರಸ್ತೆ ಮೇಲಿಟ್ಟೆ. ತಗ್ಗಿನ ತುದಿಯನ್ನು ಗುಳ್ಳೆ ಮಧ್ಯಕ್ಕೆ ಬರುವ ತನಕ ಎತ್ತಿ, ಕೆಳಗೆ ಎಷ್ಟು ಸಂದು ಅಂತ ಅಳೆದೆ. ಹೆಚ್ಚಿನ ಕಡೆ ಐದಾರು ಸೆಂಟಿಮೀಟರ್, ಒಂದು ತಿರುವಿನಲ್ಲಿ ಒಂಬತ್ತು. ಅಂದರೆ ನೂರಕ್ಕೆ ಒಂಬತ್ತು. ಫೋನಿನ ಆ್ಯಪ್ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳುತ್ತಿತ್ತು, ಅದನ್ನು ನಂಬಬೇಡಿ. ಆ ತಿರುವಿನಲ್ಲಿ ಸೈಕಲ್ ನಿಲ್ಲಿಸಿ, ನೆಲಕ್ಕೆ ಕಾಲೂರಿ, ಅಲ್ಲಿಂದಲೇ ಹೊರಡಬೇಕು. ನೆಲ ಒದೆಯುವ ಹಾಗಿಲ್ಲ. ಹೀಗೆ ಹತ್ತು ಸಲ. ಹತ್ತೂ ಸಲ ಒಂದು ಅಂಗೈ ಅಗಲವೂ ಹಿಂದಕ್ಕೆ ಜಾರಬಾರದು. ಮುಗಿದ ತಕ್ಷಣ ಹಬ್ ಮೇಲೆ ಅಂಗೈ ಇಟ್ಟು ಹತ್ತು ಎಣಿಸಲು ಆಗಬೇಕು. ಏಳಕ್ಕೆ ಕೈ ತೆಗೆದರೆ ಫೇಲ್.

ಪಂಚೆ ಉಟ್ಟು, ರಾಗಿ ಚೀಲ ಕಟ್ಟಿಕೊಂಡು, ಒಂಟಿ ಕಾಲಲ್ಲಿ ತುಳಿಯುವವನನ್ನು ನೋಡಿ ಬೆಳಗಿನ ವಾಕಿಂಗಿನವರು ಏನೆಂದುಕೊಂಡರೋ. ಒಬ್ಬರು ಹರಕೆಯಾ ಅಂತ ಕೇಳಿದರು.

ಈಗ ಪಾಸಾಗಿರುವ ಜೋಡಣೆ ಇದು. ಗಟ್ಟಿ ಲೇಡೀಸ್ ಫ್ರೇಮು, ಕಾಲು ಎತ್ತಿ ಹತ್ತುವ ಕಷ್ಟವಿಲ್ಲ. ಗಂಡಸರು ಮೊದಲು ನಾಚುತ್ತಾರೆ, ಎರಡು ದಿನಕ್ಕೆ ಸರಿಹೋಗುತ್ತಾರೆ. 250 ವ್ಯಾಟ್ ಗೇರ್ ಹಬ್, ಅಂದರೆ ಮೋಟಾರ್ ಒಳಗೇ ಗೇರು ಇರುವುದು, 200 ಆರ್‌ಪಿಎಂ ಆಸುಪಾಸಿನದು, 26ರ ಬದಲು 24 ಇಂಚಿನ ರಿಮ್ಮಿಗೆ ಹೆಣೆದದ್ದು. ಚಕ್ರ ಸಣ್ಣದಾದಷ್ಟೂ ಅದೇ ಮೋಟಾರ್ ಜಾಸ್ತಿ ಎಳೆಯುತ್ತೆ, ಕಡಿಮೆ ಬಿಸಿಯಾಗುತ್ತೆ. ಸ್ಪೋಕ್ ಒಂದೇ ಕ್ರಾಸ್ ಹಾಕಿ, ಅಂದರೆ ಒಂದು ಕಡ್ಡಿ ಇನ್ನೊಂದೇ ಕಡ್ಡಿಯನ್ನು ದಾಟಬೇಕು. ಎರಡು ಕ್ರಾಸ್ ಹಾಕಿದರೆ ರಿಮ್ಮಿನ ನಿಪ್ಪಲ್ ಹತ್ತಿರ ಬಾಗಿ ಮುರಿಯುತ್ತವೆ. ನನ್ನವು ಆರು ಮುರಿದವು. ಬ್ಯಾಟರಿ 36 ವೋಲ್ಟ್, 10 ಆಂಪಿಯರ್ ಅವರ್. ನೂರು ಕೆಜಿ ಭಾರ ನೂರು ಮೀಟರ್ ಎತ್ತರಕ್ಕೆ ಹೋಗಲು, ಬಿಸಿಯಲ್ಲಿ ಹೋಗುವುದೂ ಸೇರಿ, 40 ವ್ಯಾಟ್ ಅವರ್ ಖರ್ಚು ಅಂತ ಹಿಡಿದರೆ ಸಾಕು. 36ನ್ನು 10ರಿಂದ ಗುಣಿಸಿದರೆ ಈ ಪ್ಯಾಕಿನಲ್ಲಿ 360 ವ್ಯಾಟ್ ಅವರ್ ಇದೆ. ಅದಕ್ಕಿಂತ ದೊಡ್ಡದು ಹಾಕಿದರೆ ಸೈಕಲ್ಲೇ ಭಾರ, ಸ್ಟ್ಯಾಂಡ್ ಹಾಕಲು ಅವರಿಗೆ ಆಗಲ್ಲ.

ಮುಖ್ಯವಾದದ್ದು ಕಾಲಿನ ಒತ್ತಡ ಅಳೆಯುವ ಟಾರ್ಕ್ ಸೆನ್ಸರ್. ಪೆಡಲ್ ಮೇಲೆ ಕಾಲು ಒತ್ತಿದರೆ ಸಾಕು, ಸುತ್ತಬೇಕಿಲ್ಲ, ಮೋಟಾರ್ ಎದ್ದಿರುತ್ತೆ. ಆದರೆ ಇದನ್ನು ಹಾಗೇ ತಂದು ಹಾಕಿದರೂ ಕೆಲಸವಾಗಲಿಲ್ಲ. ಅದು ಕಾಲು ಕೊಟ್ಟಷ್ಟಕ್ಕೆ ಇಷ್ಟು ಪಾಲು ಅಂತ ಸೇರಿಸುತ್ತೆ. ಗಟ್ಟಿ ಕಾಲಿನವನಿಗೆ ಜಾಸ್ತಿ, ಸೋತ ಕಾಲಿನವನಿಗೆ ಕಡಿಮೆ. ಇದ್ದವನಿಗೇ ಸಾಲ ಕೊಡುವ ಬ್ಯಾಂಕಿನ ಹಾಗೆ. ಒಂಟಿ ಕಾಲಿನ ಟೆಸ್ಟ್ ಇಲ್ಲದಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಸರಿಮಾಡಲು ನಾಲ್ಕು ತಿಂಗಳು ಹಿಡಿಯಿತು. ಹೇಗೆ ಮಾಡಿದೆ ಅನ್ನುವುದು ನನ್ನ ಅನ್ನದ ಪ್ರಶ್ನೆ, ಬರೆಯಲ್ಲ. ಕಂಟ್ರೋಲರ್ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತೆ ಅಂತ ಮಾತ್ರ ಹೇಳುತ್ತೇನೆ.

ಇಳಿಯುವಾಗ ಬ್ಯಾಟರಿ ತುಂಬುತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಗೇರ್ ಹಬ್ಬಿನಲ್ಲಿ ತುಂಬಲ್ಲ, ಇಳಿಜಾರಿನಲ್ಲಿ ಅದು ಸುಮ್ನೆ ಬಿಟ್ಟುಕೊಂಡು ತಿರುಗುತ್ತೆ. ಆಸೆಗೆ ಬಿದ್ದು ಗೇರಿಲ್ಲದ ಆರು ಕೆಜಿ ಹಬ್ ಒಂದನ್ನೂ ಹಾಕಿದೆ. ಏರಿಗೆ ಖರ್ಚಾಗಿದ್ದರಲ್ಲಿ ನೂರಕ್ಕೆ ಆರೋ ಏಳೋ ವಾಪಸ್ ಬಂತು. ಚಿಲ್ಲರೆ. ಅದರ ಬದಲು ಬ್ರೇಕಿಗೆ ಖರ್ಚು ಮಾಡಿ. ಎರಡೇ ಬೆರಳಲ್ಲಿ ಹಿಡಿದು ಪೂರ್ತಿ ಇಳಿಜಾರು ಇಳಿಯಬೇಕು, ಅದೂ ಒಂದು ಟೆಸ್ಟ್. ಮುಂದಿನ ಚಕ್ರಕ್ಕೆ 180 ಮಿಲಿಮೀಟರಿನ ಡಿಸ್ಕ್ ಬ್ರೇಕ್ ಹಾಕಿದ ಮೇಲೆ ಪಾಸಾಯಿತು.

ಇನ್ನೊಂದು ಮರೆತಿದ್ದೆ, ಗಾಳಿ. ಗುಡ್ಡದ ಮೇಲಿನ ಗಾಳಿ ಕರೆಂಟಿನ ಫ್ಯಾನುಗಳು ಸುಮ್ನೆ ನಿಲ್ಲಿಸಿದ್ದಲ್ಲ. ಆಷಾಢದ ಎದುರುಗಾಳಿ ಒಂದೆರಡು ಸೆಂಟಿಮೀಟರ್ ಏರಿಗೆ ಸಮ. ಚೈತ್ರದಲ್ಲಿ ಪಾಸಾದ ಎರಡು ಸೈಕಲ್ ಆಷಾಢದಲ್ಲಿ ಫೇಲಾದವು. ಅದಕ್ಕೆ ಈಗ ಗಾಳಿ ಇಲ್ಲದ ದಿನ ಚೀಲಕ್ಕೆ ಇನ್ನೂ ಹತ್ತು ಕೆಜಿ ರಾಗಿ ತುಂಬುತ್ತೇನೆ.

ಕಳೆದುಕೊಂಡಿದ್ದು ಒಟ್ಟು 68 ಸಾವಿರ ಇರಬಹುದು. ಮನೆಯವಳ ಲೆಕ್ಕದಲ್ಲಿ 80. ಈಗ ಒಂದು ಸೈಕಲ್ಲಿಗೆ ಬೀಳುವುದು 31 ಸಾವಿರ, ಅದರಲ್ಲಿ ಬ್ಯಾಟರಿಯೇ 13. ನಾನು 35 ತಗೊಳ್ಳುತ್ತೇನೆ. ಇದುವರೆಗೆ ಹನ್ನೊಂದು ಸೈಕಲ್ ಕೊಟ್ಟಿದ್ದೇನೆ, ಅದರಲ್ಲಿ ಮೂರು ಹೆಂಗಸರಿಗೆ. ಎಲ್ಲರಿಗಿಂತ ಹಿರಿಯರು 76ರ ಒಬ್ಬ ಮೇಷ್ಟ್ರು. ನಕ್ಕಿದ್ದ ಇಬ್ಬರಲ್ಲಿ ಒಬ್ಬರು ಈಗ ತಾವೇ ಗಿರಾಕಿ ಕಳಿಸುತ್ತಾರೆ, ಕಮಿಷನ್ ಐನೂರು.

ಸೋಮವಾರ ಹೊಸದುರ್ಗದ ಕಡೆಯಿಂದ ಒಬ್ಬ ಅಜ್ಜ ಬರುತ್ತಿದ್ದಾರೆ. 88 ಕೆಜಿ ಅಂತೆ, ತೋಟದ ದಾರಿ ಮಣ್ಣಿನದಂತೆ. ಫೋನಲ್ಲಿ "ಏರು ಅಂಥಾದ್ದೇನಿಲ್ಲ ಬಿಡಪ್ಪ" ಅಂದರು. ನಾನು ರಸಮಟ್ಟ ಬ್ಯಾಗಿಗೆ ಹಾಕಿಟ್ಟಿದ್ದೇನೆ.