ಮಗುವಿನ ಫೈಲ್, ಮಗುವಿನ ಗುಟ್ಟು: ಶಾಲೆಯಲ್ಲಿ ಕಾಪಾಡುವುದು ಹೇಗೆ?

ತುಮಕೂರಿನ ಒಂದು ಶಾಲೆಯಲ್ಲಿ ನಾನು ಆಪ್ತಸಮಾಲೋಚಕಿಯಾಗಿದ್ದೆ. ಏಳನೇ ತರಗತಿಯ ಹುಡುಗನೊಬ್ಬನ ಸಮಾಲೋಚನೆಯ ಫೈಲ್ ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಮೇಜಿನ ಮೇಲೆ ಉಳಿದುಬಿಟ್ಟಿತು. ಅದರ ಒಂದು ಹಾಳೆಯ ಫೋಟೊ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ‘ಈ ಹುಡುಗನ ಕಡೆ ಸ್ವಲ್ಪ ಗಮನ ಇರಲಿ’ ಎಂದು ಬರೆದಿದ್ದರು. ಮೂರನೇ ದಿನ ಆಟದ ಮೈದಾನದಲ್ಲಿ ಅವನಿಗೆ ‘ಮೆಂಟಲ್’ ಎಂದು ಹೆಸರು ಬಿತ್ತು. ಆಮೇಲೆ ಅವನು ನನ್ನ ಕೋಣೆಗೆ ಕಾಲಿಡಲಿಲ್ಲ.

ದಾಖಲೆ ಸೋರುವುದು ಎಂದರೆ ಎಲ್ಲೋ ಕೂತ ಹ್ಯಾಕರ್ ಕದಿಯುವುದು ಅಂದುಕೊಳ್ಳುತ್ತೇವೆ. ನಮ್ಮ ಶಾಲೆಗಳಲ್ಲಿ ಅದು ಮೇಜಿನಿಂದ, ಮೊಬೈಲಿನಿಂದ, ಟೀ ಕುಡಿಯುವಾಗಿನ ಮಾತಿನಿಂದ ಸೋರುತ್ತದೆ. ಹಾಗಾಗಿ ಇದನ್ನು ತಡೆಯುವುದೂ ನಮ್ಮ ಕೈಯಲ್ಲೇ ಇದೆ.

ಮೊದಲ ಕೆಲಸ ಪೆನ್ನು ಹಿಡಿಯುವ ಮುಂಚೆಯೇ ಶುರು. ಮಗು ಬಂದು ಕೂತ ಮೊದಲ ಐದು ನಿಮಿಷದಲ್ಲಿ ಏನು ಗುಟ್ಟಾಗಿರುತ್ತದೆ, ಏನು ಇರುವುದಿಲ್ಲ ಎಂದು ಹೇಳಿಬಿಡಿ. ‘ನೀನು ಹೇಳಿದ್ದನ್ನು ನಾನು ಟೀಚರಿಗೆ ಹೇಳುವುದಿಲ್ಲ. ಆದರೆ ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ, ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ನಾನು ಸುಮ್ಮನಿರಲು ಆಗುವುದಿಲ್ಲ. ಆಗಲೂ ಮೊದಲು ನಿನಗೇ ಹೇಳುತ್ತೇನೆ.’ ಇಷ್ಟೇ ಸಾಕು. ‘ಯಾರಿಗೂ ಹೇಳಲ್ಲ, ಆಣೆ’ ಎಂದು ಮಾತ್ರ ಎಂದೂ ಹೇಳಬೇಡಿ. ಆ ಮಾತು ಒಂದಲ್ಲ ಒಂದು ದಿನ ಮುರಿಯಬೇಕಾಗುತ್ತದೆ.

ಇನ್ನು ಬರೆಯುವುದು. ತೊಂದರೆ ಜಾಸ್ತಿ ಹುಟ್ಟುವುದು ಇಲ್ಲೇ. ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನಲ್ಲ. ‘ಸೋಮವಾರದಿಂದ ಮೂರು ದಿನ ಊಟದ ಡಬ್ಬಿ ತೆರೆಯಲಿಲ್ಲ’ ಎನ್ನುವುದು ದಾಖಲೆ. ‘ಮನೆ ಸರಿಯಿಲ್ಲದ ಹುಡುಗಿ’ ಎನ್ನುವುದು ಹಣೆಪಟ್ಟಿ. ಬಿನೆ–ಕಾಮತ್ ಬುದ್ಧಿಮಟ್ಟ ಪರೀಕ್ಷೆಯ ಅಂಕಿಯನ್ನು ಮಾತ್ರ ಕೆಂಪು ಇಂಕಿನಲ್ಲಿ ಬರೆದಿಟ್ಟರೆ, ಓದಿದವರಿಗೆ ಉಳಿಯುವುದು ಆ ಅಂಕಿಯೊಂದೇ. ಮಗು ಯಾವ ಭಾಷೆಯಲ್ಲಿ ಉತ್ತರ ಹೇಳಿತು, ಅಂದು ಜ್ವರ ಇತ್ತೇ, ಯಾವ ಕೆಲಸ ಚೆನ್ನಾಗಿ ಮಾಡಿತು ಎಂಬುದೂ ಪಕ್ಕದಲ್ಲೇ ಇರಲಿ. ಬರೆದ ಮೇಲೆ ಒಂದು ಸಲ ನಿಮ್ಮನ್ನೇ ಕೇಳಿಕೊಳ್ಳಿ. ಈ ಮಗುವಿನ ಅಮ್ಮ ನಾಳೆ ಬಂದು ಈ ಹಾಳೆ ಓದಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆಯೇ? ಹೌದಾದರೆ ಆ ಸಾಲು ಬೇಕಿಲ್ಲ.

ಹೆಸರು ತೆಗೆದರೆ ಸಾಕು ಎಂಬ ನಂಬಿಕೆ ಕೆಲವರಲ್ಲಿದೆ. ದೊಡ್ಡ ಊರಿಗೆ ಆ ಮಾತು ಸ್ವಲ್ಪ ಸರಿ. ಗುಬ್ಬಿ, ಕೊರಟಗೆರೆಯಂಥ ಕಡೆ ನಡೆಯುವುದಿಲ್ಲ. ‘ಪಾವಗಡದಿಂದ ಬಂದ ಹಾಸ್ಟೆಲ್ ಹುಡುಗಿ, ಅಪ್ಪ ಬಸ್ ಕಂಡಕ್ಟರ್’ ಎಂದರೆ ಸಾಕಲ್ವಾ, ಯಾರೆಂದು ಅರ್ಧ ಊರಿಗೆ ಗೊತ್ತಾಗುತ್ತದೆ. ಸಭೆಯಲ್ಲಿ, ತರಬೇತಿಯಲ್ಲಿ ಉದಾಹರಣೆ ಕೊಡುವಾಗ ಊರು, ಕಸುಬು, ಜಾತಿ, ತರಗತಿ ಎಲ್ಲವನ್ನೂ ಬದಲಿಸಿ.

ಮುಂದಿನ ಹೆಜ್ಜೆ ಬೇರ್ಪಡಿಸುವುದು. ಹಾಜರಿ, ಅಂಕಪಟ್ಟಿ, ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಇರುವ ಸಂಖ್ಯೆ) ಇರುವ ಕಡತ ಕಚೇರಿಯದು. ಸಮಾಲೋಚನೆಯ ಕಡತ ಬೇರೆ ಬೀರುವಿನಲ್ಲಿ, ಬೇರೆ ಬೀಗದಲ್ಲಿ ಇರಬೇಕು. ಹೊರಮೈ ಮೇಲೆ ಹೆಸರಿನ ಬದಲು ಒಂದು ಸಂಖ್ಯೆ ಹಾಕಿ. ಆ ಸಂಖ್ಯೆ ಯಾರದು ಎಂಬ ಪಟ್ಟಿ ಇನ್ನೊಂದು ಕಡೆ ಇರಲಿ. ಫೈಲ್ ಯಾರು ತೆಗೆದರು, ಯಾವ ದಿನ, ಯಾಕೆ ಎಂದು ಬರೆಯಲು ಒಳಗೇ ಒಂದು ಹಾಳೆ ಇಡಿ. ಇದಕ್ಕೆ ಖರ್ಚೇನೂ ಇಲ್ಲ. ಸರಕಾರಿ ಶಾಲೆಯಲ್ಲೂ ನಾಳೆಯಿಂದಲೇ ಮಾಡಬಹುದು.

ಫೋನಿನ ವಿಚಾರದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ: ಫೋಟೊ ತೆಗೆಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬೀರುವಿನಲ್ಲಿರುವ ಕಾಗದಕ್ಕೆ ಅನ್ವಯಿಸುವುದಿಲ್ಲ. ಅದೇ ಕಾಗದ ಫೋಟೊ ಅಥವಾ ಸ್ಕ್ಯಾನ್ ಆಗಿ ಶಾಲೆಯ ಕೆಲಸಕ್ಕೆ ಬಳಕೆಯಾದರೆ ಕಾಯ್ದೆಯೊಳಗೆ ಬರುತ್ತದೆ. 18 ವರ್ಷ ತುಂಬದವರೆಲ್ಲ ಆ ಕಾಯ್ದೆಯ ಪ್ರಕಾರ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕೆಂಬುದು ಅದರ ಮೂಲ ನಿಯಮ. 2025ರ ನವೆಂಬರಿನಲ್ಲಿ ಇದರ ನಿಯಮಗಳೂ ಹೊರಬಂದಿವೆ, ಜಾರಿ ಹಂತ ಹಂತವಾಗಿ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಪ್ರಕರಣ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಏಳನೇ ತರಗತಿಯ ಹುಡುಗನಿಗೂ ಸೇರಿದ್ದು.

ಯಾರಾದರೂ ಬಂದು ಕೇಳಿದರೆ? ಕೇಳಿದ್ದಕ್ಕೆ ಬೇಕಾದ ಹಾಳೆ ಕೊಡಿ, ಫೈಲ್ ಕೊಡಬೇಡಿ. ತರಗತಿ ಶಿಕ್ಷಕರಿಗೆ ‘ಮುಂದಿನ ಬೆಂಚಿನಲ್ಲಿ ಕೂರಿಸಿ, ಗಟ್ಟಿಯಾಗಿ ಓದಲು ಒತ್ತಾಯಿಸಬೇಡಿ’ ಎಂಬಷ್ಟು ಗೊತ್ತಾದರೆ ಸಾಕು. ಕಾರಣ ಬೇಕಿಲ್ಲ. ಕಲಿಕಾ ನ್ಯೂನತೆ ಇರುವ ಮಗುವಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವಾಗ ವೈದ್ಯಕೀಯ ಪ್ರಮಾಣಪತ್ರ ಸಾಕು. ನಿಮ್ಮ ಕೋಣೆಯಲ್ಲಿ ಮಗು ಅತ್ತದ್ದರ ವಿವರ ಅದರ ಜೊತೆ ಹೋಗಬಾರದು. ಶಾಲೆ ಬದಲಿಸುವಾಗ ಟಿಸಿಯ ನಡತೆ ಕಾಲಂನಲ್ಲಿ ಸುಳಿವು ಕೊಡುವ ಒಂದು ಪದವೂ ಬೇಡ. ಹೊಸ ಶಾಲೆಗೆ ವರದಿ ಬೇಕಿದ್ದರೆ ಪೋಷಕರ ಸಹಿ ಪಡೆದು, ಮುಚ್ಚಿದ ಲಕೋಟೆಯಲ್ಲಿ ಕಳಿಸಿ.

ತಂದೆತಾಯಿ ಕೇಳಿದರೆ ಸ್ವಲ್ಪ ಕಷ್ಟ. ಬುದ್ಧಿಮಟ್ಟದಂಥ ಪರೀಕ್ಷೆಯ ವರದಿ ಅವರಿಗೆ ಸಿಗಲೇಬೇಕು. ಅದನ್ನು ಕೈಗಿಟ್ಟು ಕಳಿಸದೆ, ಕೂರಿಸಿ, ಅವರ ಮಾತಿನಲ್ಲೇ ವಿವರಿಸಿ. ಆದರೆ ಹದಿನೈದರ ಹುಡುಗಿ ನಂಬಿ ಹೇಳಿದ ಪ್ರತಿ ಮಾತೂ ಮನೆಗೆ ತಲುಪಬೇಕಿಲ್ಲ. ‘ಏನು ಹೇಳಲಿ, ಏನು ಬೇಡ?’ ಎಂದು ಮೊದಲು ಅವಳನ್ನೇ ಕೇಳಿ. ನನ್ನ ಅನುಭವದಲ್ಲಿ ಬಹಳ ಸಲ ಮಕ್ಕಳೇ ದಾರಿ ತೋರಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯರಿಗೆ, ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಗುಟ್ಟು ಕಾಯುವ ಹೊಣೆ ಹೊರಿಸಿದೆ. ಶಾಲೆಯಲ್ಲಿ ಕೂತ ನಾವೂ ಅದೇ ಅಳತೆಯಲ್ಲಿ ನಡೆಯಬೇಕು ಎಂಬುದು ನನ್ನ ನಿಲುವು.

ಗುಟ್ಟು ಮುರಿಯಲೇಬೇಕಾದ ಹೊತ್ತೂ ಇದೆ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಶಾಲೆಯ ಹೆಸರು ಹಾಳಾಗುತ್ತದೆ’ ಎಂದು ಮುಚ್ಚಿಡುವುದು ಗೌಪ್ಯತೆ ಅಲ್ಲ, ಅಪರಾಧ. ಮಕ್ಕಳ ಸಹಾಯವಾಣಿ 1098. ಸಾಯುವ ಮಾತಾಡಿದ ಮಗುವನ್ನು ಒಂಟಿಯಾಗಿ ಬಿಡದೆ ಮನೆಯವರನ್ನು ಕರೆಸಿ. ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಸಿಗುತ್ತದೆ. ಇಲ್ಲೂ ಪೂರ್ತಿ ಕಥೆ ಎಲ್ಲರಿಗೂ ಬೇಡ, ಕಾಪಾಡಬೇಕಾದವರಿಗೆ ಮಾತ್ರ.

ಕೊನೆಯದು ಹಳೆಯ ಕಾಗದ. ಎಷ್ಟು ವರ್ಷ ಇಡಬೇಕು ಎಂದು ಶಾಲೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಅವಧಿ ಮುಗಿದದ್ದನ್ನು ಇಬ್ಬರ ಎದುರು ಹರಿದು ನೀರಿನಲ್ಲಿ ನೆನೆಸಿ, ದಿನಾಂಕ ಬರೆದು ಸಹಿ ಹಾಕಿ. ರದ್ದಿಗೆ ಮಾತ್ರ ಹಾಕಬೇಡಿ. ರದ್ದಿ ಕಾಗದ ಕಡಲೆಕಾಯಿ ಪೊಟ್ಟಣವಾಗಿ ಬಸ್ ಸ್ಟ್ಯಾಂಡಿಗೆ ಬರುತ್ತದೆ, ಮತ್ತು ಅಲ್ಲಿ ಅದನ್ನು ಬಿಚ್ಚಿ ಓದುವವರು ಆ ಮಗುವಿನ ಊರಿನವರೇ.