ಕೆಳಗಿಳಿಸುವ ಮುಂಚೆ ಪಕ್ಕಕ್ಕೆ ಸರಿಸಿ: ಆಸ್ಪತ್ರೆಯ ಅಗ್ನಿ ಸುರಕ್ಷತೆಯಲ್ಲಿ ನನ್ನ ಅನುಭವ

ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಮೆಟ್ಟಿಲು ಇಳಿದು ಹೊರಗೆ ಬನ್ನಿ. ಆಫೀಸಿಗೆ, ಮಾಲ್‌ಗೆ ಈ ಬೋರ್ಡು ಸರಿ. ವೆಂಟಿಲೇಟರ್ ಮೇಲಿರುವವರಿಗೆ, ಆಗಷ್ಟೇ ಸಿಸೇರಿಯನ್ ಆದ ಬಾಣಂತಿಗೆ, ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದವರಿಗೆ ಇದರಿಂದ ಏನು ಉಪಯೋಗ?

ನಾನು ಒಂದು ಖಾಸಗಿ ಆಸ್ಪತ್ರೆಯ ಫೆಸಿಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ನಾಲ್ಕು ಮಹಡಿ, ಕೆಳಗೊಂದು ಬೇಸ್‌ಮೆಂಟ್. ಕರೆಂಟು, ನೀರು, ಲಿಫ್ಟು, ಆಕ್ಸಿಜನ್ ಪೈಪು ಎಲ್ಲ ನಮ್ಮ ತಂಡದ ಕೈಯಲ್ಲಿ. 2020ರ ನವೆಂಬರ್‌ನಲ್ಲಿ ರಾಜ್‌ಕೋಟ್‌ನ ಕೋವಿಡ್ ಆಸ್ಪತ್ರೆಯೊಂದರಲ್ಲಿ ಬೆಂಕಿ ಬಿದ್ದು ರೋಗಿಗಳು ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಪ್ರತಿ ಕೋವಿಡ್ ಆಸ್ಪತ್ರೆಗೂ ಅಗ್ನಿ ಸುರಕ್ಷತೆ ನೋಡಲು ಒಬ್ಬ ನೋಡಲ್ ಅಧಿಕಾರಿ ಇರಬೇಕು ಎಂದು ಮುಂದಿನ ತಿಂಗಳು ಆದೇಶ ಮಾಡಿತು. ನಮ್ಮಲ್ಲಿ ಆ ಹೊಣೆ ನನಗೆ ಬಂತು. ಕೋವಿಡ್ ಹೋದ ಮೇಲೂ ಅದನ್ನು ನಾನೇ ಇಟ್ಟುಕೊಂಡೆ.

ಮೊದಲು ಕೂತು ಓದಿದ್ದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ. ಅಗ್ನಿ ಮತ್ತು ಜೀವ ಸುರಕ್ಷತೆಗೆಂದೇ ಇರುವ ಭಾಗ ಅದು. ಆಸ್ಪತ್ರೆಗೆ ಅದು ಬೇರೆಯೇ ಲೆಕ್ಕ ಹಾಕುತ್ತದೆ. ರೋಗಿಗಳು ತಾವಾಗಿ ಓಡುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು, ಅದೇ ಮಹಡಿಯಲ್ಲಿ ಬೆಂಕಿ ತಡೆಯುವ ಗೋಡೆಯ ಆಚೆ ಬದಿಗೆ ಅವರನ್ನು ಸರಿಸಿ ಅನ್ನುತ್ತದೆ. ಕೆಳಗೆ ಇಳಿಸುವುದು ಆಮೇಲಿನ ಮಾತು. ಹಾಸಿಗೆಯನ್ನು ಉರುಳಿಸಿಕೊಂಡು ಪಕ್ಕದ ಭಾಗಕ್ಕೆ ಹೋಗಲು ಒಂದೆರಡು ನಿಮಿಷ ಸಾಕು. ಅದೇ ರೋಗಿಯನ್ನು ಮೆಟ್ಟಿಲಲ್ಲಿ ಇಳಿಸಲು ನಾಲ್ಕು ಜನ ಬೇಕು. ರಾತ್ರಿ ಪಾಳಿಯಲ್ಲಿ ಆ ನಾಲ್ಕು ಜನ ಎಲ್ಲಿಂದ ಬರಬೇಕು? ಇದು ಅರ್ಥವಾದ ಮೇಲೆ ನಮ್ಮ ಇಡೀ ಕೆಲಸ ಒಂದೇ ಪ್ರಶ್ನೆಯ ಸುತ್ತ ತಿರುಗಿತು. ಪ್ರತಿ ಮಹಡಿಯಲ್ಲೂ ಹೊಗೆ ಬಾರದ ಇನ್ನೊಂದು ಬದಿ ನಿಜವಾಗಿಯೂ ಇದೆಯಾ?

ಹೊಗೆ ಎಂದು ಒತ್ತಿ ಹೇಳಲು ಕಾರಣವಿದೆ. 2011ರ ಡಿಸೆಂಬರ್ 9ರಂದು ಕೋಲ್ಕತ್ತಾದ ಢಾಕುರಿಯಾದ ಆಮ್ರಿ ಆಸ್ಪತ್ರೆಯಲ್ಲಿ 90ರ ಆಸುಪಾಸು ಜನ ಸತ್ತರು. ಬೆಂಕಿ ಹತ್ತಿದ್ದು ಬೇಸ್‌ಮೆಂಟ್‌ನಲ್ಲಿ. ವಾಹನ ನಿಲ್ಲಿಸಬೇಕಾದ ಜಾಗದಲ್ಲಿ ಉರಿಯುವ ಸಾಮಾನು ತುಂಬಿತ್ತು. ಮೇಲಿನ ಮಹಡಿಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ಜ್ವಾಲೆಯನ್ನೇ ನೋಡಿರಲಿಲ್ಲ. ಎಸಿಯ ಗಾಳಿ ಸಾಗುವ ಕೊಳವೆಗಳಲ್ಲಿ, ಅಂದರೆ ಡಕ್ಟ್‌ಗಳಲ್ಲಿ, ಏರಿ ಬಂದ ಹೊಗೆ ಅವರನ್ನು ಕೊಂದಿತು. ಆ ವರದಿಗಳನ್ನು ಓದಿದ ಮೇಲೆ ನಾನು ನೇರ ನಮ್ಮ ಬೇಸ್‌ಮೆಂಟಿಗೆ ಹೋದೆ. ಹಳೇ ಗಾದಿಗಳು, ಕೇಸ್ ಶೀಟಿನ ಕಟ್ಟುಗಳು, ಮುರಿದ ಮಂಚ, ಪ್ಯಾಕಿಂಗ್ ಥರ್ಮೋಕೋಲ್. ಎಲ್ಲ ಆಸ್ಪತ್ರೆಯಲ್ಲೂ ಇರುವುದೇ. ಹೊರಗೆ ಒಂದು ಗೋಡೌನ್ ಬಾಡಿಗೆಗೆ ಬೇಕು ಎಂದಾಗ ಮ್ಯಾನೇಜ್‌ಮೆಂಟ್ ಮೊದಲು ಒಪ್ಪಲಿಲ್ಲ. ಕಟ್ಟಡದ ಉದ್ದ ಕೊಯ್ದ ನಕ್ಷೆ ಬಿಡಿಸಿ, ಆ ಗಾದಿಗಳ ಹೊಗೆ ಮಹಡಿಯಿಂದ ಮಹಡಿಗೆ ಪೈಪು, ಕೇಬಲ್ ಏರುವ ಯಾವ ಶಾಫ್ಟ್ ಹಿಡಿದು ಯಾವ ವಾರ್ಡಿಗೆ ಹೋಗುತ್ತದೆ ಎಂದು ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದೆ. ಗೆರೆ ಹೆರಿಗೆ ವಾರ್ಡಿನಲ್ಲಿ ಮುಗಿಯಿತು. ಗೋಡೌನ್ ಸಿಕ್ಕಿತು.

ಆಮೇಲೆ ಏಣಿ, ಟಾರ್ಚ್ ಹಿಡಿದು ಫಾಲ್ಸ್ ಸೀಲಿಂಗ್ ಮೇಲೆ ಹೋದೆವು. ಈ ಕೆಲಸ ಮಾಡುತ್ತಿರುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ಸೀಲಿಂಗ್ ಟೈಲ್ ಎತ್ತಿ ನೋಡಿ. ಕೆಳಗಿನಿಂದ ನೋಡಿದರೆ ಗೋಡೆ ಗಟ್ಟಿಯಾಗಿ ಕಾಣುತ್ತದೆ. ಮೇಲೆ ಹೋದರೆ ಕೆಲವು ಕಡೆ ಗೋಡೆ ಸೀಲಿಂಗ್ ಮಟ್ಟಕ್ಕೇ ನಿಂತಿರುತ್ತದೆ, ಸ್ಲ್ಯಾಬ್ ತನಕ ಹೋಗಿರುವುದೇ ಇಲ್ಲ. ಪೂರ್ತಿ ಹೋದ ಕಡೆ ತೂತುಗಳು. ಸಿಸಿಟಿವಿ ಹಾಕುವವರು ಒಂದು ತೂತು, ಇಂಟರ್ನೆಟ್‌ನವರು ಒಂದು, ನರ್ಸ್ ಕಾಲ್ ಬೆಲ್‌ನವರು ಇನ್ನೊಂದು. ಕೇಬಲ್ ಎಳೆದುಕೊಂಡು ಹೋಗಿಬಿಡುತ್ತಾರೆ. ಹೊಗೆಗೆ ಅಷ್ಟು ದಾರಿ ಸಾಕು. ಕೆಳಗೆ ಎರಡು ಗಂಟೆ ಬೆಂಕಿ ತಡೆಯುವ ಬಾಗಿಲು ಹಾಕಿ, ಮೇಲೆ ಕೈ ತೂರುವಷ್ಟು ಕಿಂಡಿ ಬಿಟ್ಟರೆ ಆ ಬಾಗಿಲಿಗೆ ಕೊಟ್ಟ ದುಡ್ಡು ದಂಡ ಅಲ್ವಾ?

ಗೋಡೆಗಳನ್ನು ಸ್ಲ್ಯಾಬ್ ತನಕ ಏರಿಸಿದೆವು. ತೂತುಗಳಿಗೆ ಫೈರ್ ಸೀಲೆಂಟ್ ತುಂಬಿದೆವು. ಸಾಮಾನ್ಯ ಫೋಮ್ ಬೇಡ, ಅದು ತಾನೇ ಉರಿಯುತ್ತದೆ. ಹೊಸ ತೂತು ಬೀಳದಂತೆ ಒಂದು ನಿಯಮ ಮಾಡಿದೆವು. ಗೋಡೆ ಕೊರೆಯಲು ನಮ್ಮಿಂದ ಚೀಟಿ ಬೇಕು. ಕೆಲಸ ಮುಗಿದ ಮೇಲೆ ಮುಚ್ಚಿದ ಜಾಗದ ಫೋಟೋ ಕೊಡಬೇಕು. ಫೋಟೋ ಇಲ್ಲದೆ ಬಿಲ್ ಪಾಸ್ ಆಗುವುದಿಲ್ಲ. ಅಕೌಂಟ್ಸ್ ವಿಭಾಗ ಈ ಒಂದು ವಿಷಯದಲ್ಲಿ ನನ್ನ ಜೊತೆ ಗಟ್ಟಿಯಾಗಿ ನಿಂತಿತು. ಬೇರೆ ಯಾವ ಸುತ್ತೋಲೆಗಿಂತ ಅದೇ ಜಾಸ್ತಿ ಕೆಲಸ ಮಾಡಿತು.

ಎಸಿ ಡಕ್ಟ್‌ಗಳು ಗೋಡೆ ದಾಟುವ ಕಡೆ ಬೆಂಕಿಯಾದಾಗ ಡಕ್ಟನ್ನು ಮುಚ್ಚುವ ತಟ್ಟೆ, ಅಂದರೆ ಫೈರ್ ಡ್ಯಾಂಪರ್, ಇರಬೇಕು. ಹಳೇ ನಮೂನೆಯದರಲ್ಲಿ ಸುಮಾರು 72 ಡಿಗ್ರಿಗೆ ಕರಗುವ ಒಂದು ಸಣ್ಣ ಕೊಂಡಿ ಇರುತ್ತದೆ. ಅದು ಕರಗಿದರೆ ತಟ್ಟೆ ಮುಚ್ಚಿಕೊಳ್ಳುತ್ತದೆ. ತಣ್ಣಗಿನ ಹೊಗೆಗೆ ಅದು ಕರಗುವುದಿಲ್ಲ. ಅದಕ್ಕೇ ಅಲಾರಂ ಬಂದ ಕೂಡಲೇ ಎಸಿಯ ದೊಡ್ಡ ಫ್ಯಾನ್‌ಗಳು ತಾವಾಗಿ ನಿಲ್ಲುವಂತೆ ಅಲಾರಂ ನಿಯಂತ್ರಿಸುವ ಫೈರ್ ಪ್ಯಾನೆಲ್‌ಗೆ ಜೋಡಿಸಿದೆವು.

ಬಾಗಿಲುಗಳದ್ದು ದೊಡ್ಡ ಕಥೆ. ಫೈರ್ ಡೋರ್ ಭಾರ. ಟ್ರಾಲಿ ತಳ್ಳಿಕೊಂಡು ದಿನಕ್ಕೆ ಎಷ್ಟೋ ಸಲ ಓಡಾಡುವ ವಾರ್ಡ್ ಬಾಯ್‌ಗೆ ಅದು ನಿಜವಾದ ಕಷ್ಟ. ಹಾಗಾಗಿ ಬೆಂಕಿ ಆರಿಸುವ ಸಿಲಿಂಡರನ್ನೇ ಬಾಗಿಲಿಗೆ ಅಡ್ಡ ಇಡುತ್ತಿದ್ದರು. ಬೈದರೆ ಎರಡು ದಿನ ತೆಗೆಯುತ್ತಾರೆ, ಮೂರನೇ ದಿನ ಮತ್ತೆ ಅಲ್ಲೇ. ನಾವು ಕಾರಿಡಾರ್‌ನ ಬಾಗಿಲುಗಳಿಗೆ ಅಯಸ್ಕಾಂತದ ಹಿಡಿಕೆ ಹಾಕಿಸಿದೆವು. ಸದಾ ತೆರೆದೇ ಇರುತ್ತವೆ, ಅಲಾರಂ ಆದರೆ ಅಥವಾ ಕರೆಂಟ್ ಹೋದರೆ ಹಿಡಿತ ಬಿಟ್ಟು ತಾವಾಗಿ ಮುಚ್ಚಿಕೊಳ್ಳುತ್ತವೆ. ಐಸಿಯು ಮತ್ತು ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ಐಸಿಯು, ಇವುಗಳ ಬಾಗಿಲ ಕಾರ್ಡ್ ಲಾಕ್‌ಗಳದ್ದು ಇದರ ಉಲ್ಟಾ. ಅಲಾರಂ ಆದರೆ ಅವು ಬಿಚ್ಚಿಕೊಳ್ಳಬೇಕು. ಎರಡನ್ನೂ ಒಂದೇ ದಿನ, ಒಂದೇ ಅಲಾರಂನಲ್ಲಿ ಪರೀಕ್ಷೆ ಮಾಡಿ.

ಆಕ್ಸಿಜನ್ ಬಗ್ಗೆ ನಿಧಾನವಾಗಿ ಹೇಳಬೇಕು. ಗಾಳಿಯಲ್ಲಿ ಆಕ್ಸಿಜನ್ ಇರುವುದು ಸುಮಾರು 21 ಪರ್ಸೆಂಟ್. ಅದು ಕೆಲವೇ ಪರ್ಸೆಂಟ್ ಏರಿದರೂ ಬೆಡ್‌ಶೀಟು, ಕೂದಲು, ಪ್ಲಾಸ್ಟಿಕ್ಕು ಬೇರೆಯೇ ಥರ ಉರಿಯುತ್ತವೆ. ಆಕ್ಸಿಜನ್ ಎಷ್ಟು ಹರಿಯಬೇಕೆಂದು ಹೊಂದಿಸುವ ಫ್ಲೋಮೀಟರ್‌ನ ಸೋರಿಕೆ, ರೋಗಿ ಊಟಕ್ಕೆ ಎದ್ದಾಗ ದಿಂಬಿನ ಮೇಲೆ ಬಿಟ್ಟ ಮಾಸ್ಕ್, ಪಕ್ಕದಲ್ಲಿ ಬಿಸಿಯಾದ ಎಕ್ಸ್‌ಟೆನ್ಷನ್ ಬೋರ್ಡ್. ಈ ಮೂರು ಸೇರಿದರೆ ಸಾಕು. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆಯ ನವಜಾತ ಶಿಶುಗಳ ಘಟಕದಲ್ಲಿ ಬೆಂಕಿ ಬಿದ್ದು 10 ಕಂದಮ್ಮಗಳು ಹೋದವು. 2024ರ ನವೆಂಬರ್‌ನಲ್ಲಿ ಝಾನ್ಸಿಯ ವೈದ್ಯಕೀಯ ಕಾಲೇಜಿನಲ್ಲೂ ಶಿಶುಗಳ ಐಸಿಯು. ಎರಡೂ ರಾತ್ರಿ ಹೊತ್ತು ನಡೆದವು. ಇವನ್ನು ಓದಿದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ.

ಪ್ರತಿ ವಾರ್ಡಿನ ಹೊರಗೆ ಆ ಭಾಗದ ಆಕ್ಸಿಜನ್ ನಿಲ್ಲಿಸುವ ಜೋನ್ ವಾಲ್ವ್ ಪೆಟ್ಟಿಗೆ ಇರುತ್ತದೆ. ಬೆಂಕಿ ಬಿದ್ದರೆ ಅದನ್ನು ಮುಚ್ಚಬೇಕು. ಆದರೆ ಯಾರು, ಯಾವಾಗ? ಬೇಗ ಮುಚ್ಚಿದರೆ ಆಚೆ ಬದಿಯ ವೆಂಟಿಲೇಟರ್ ರೋಗಿಗೆ ಉಸಿರಿಲ್ಲ. ತಡ ಮಾಡಿದರೆ ಬೆಂಕಿಗೆ ಆಕ್ಸಿಜನ್ ಉಣಿಸಿದಂತೆ. ಅನೆಸ್ತೀಷಿಯಾ ಡಾಕ್ಟರು, ನರ್ಸಿಂಗ್ ಸೂಪರಿಂಟೆಂಡೆಂಟ್ ಜೊತೆ ಕೂತು ಒಂದು ತೀರ್ಮಾನಕ್ಕೆ ಬಂದೆವು. ಮುಚ್ಚುವ ಅಧಿಕಾರ ಆ ಪಾಳಿಯ ಇನ್‌ಚಾರ್ಜ್ ಸಿಸ್ಟರ್‌ದು. ಆ ಜೋನಿನ ಆಕ್ಸಿಜನ್ ರೋಗಿಗಳು ಸಿಲಿಂಡರ್ ಅಥವಾ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಮೇಲೆ ಬಂದರು ಎಂದು ಖಾತ್ರಿ ಮಾಡಿಕೊಂಡು ಅವರೇ ಮುಚ್ಚುತ್ತಾರೆ, ಯಾರ ಫೋನಿಗೂ ಕಾಯುವುದಿಲ್ಲ. ಯಾವ ವಾಲ್ವ್ ಯಾವ ಹಾಸಿಗೆಗೆ ಎಂದು ಪೆಟ್ಟಿಗೆಯ ಮೇಲೇ ಕನ್ನಡದಲ್ಲಿ ಬರೆಸಿದೆವು. ಹೀಗೆ ಬರೆಸುವಾಗ ಪೈಪ್‌ಲೈನ್ ನಕ್ಷೆಯನ್ನು ನಂಬಬೇಡಿ. ಆಸ್ಪತ್ರೆ ಬೆಳೆದಂತೆ ಲೈನುಗಳನ್ನು ಎಲ್ಲೆಲ್ಲೋ ಸೇರಿಸಿರುತ್ತಾರೆ. ವಾರ್ಡ್ ಖಾಲಿ ಮಾಡಿಸಿ, ವಾಲ್ವ್ ಮುಚ್ಚಿ, ಯಾವ ಔಟ್‌ಲೆಟ್ ನಿಂತಿತು ಎಂದು ಕಣ್ಣಾರೆ ನೋಡಿ ಬರೆಯಿರಿ.

ಎನ್‌ಐಸಿಯುಗೆ ಜೇಬುಗಳಿರುವ ಏಪ್ರನ್ ಹೊಲಿಸಿದೆವು. ಒಬ್ಬ ಸಿಸ್ಟರ್ ಎರಡು ಶಿಶುಗಳನ್ನು ಎದೆಗವುಚಿಕೊಂಡು ಹೋಗಬಹುದು, ಎರಡು ಕೈಯೂ ಖಾಲಿ ಇರುತ್ತವೆ. ಅವು ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತವೆ. ಅಲ್ಮಾರಿಯೊಳಗೆ ಬೀಗ ಹಾಕಿ ಇಡಲು ನಾನು ಬಿಟ್ಟಿಲ್ಲ.

ಬೆಂಕಿ ಹುಟ್ಟದಂತೆ ನೋಡಿಕೊಳ್ಳುವುದು ಹೆಚ್ಚಾಗಿ ಎಲೆಕ್ಟ್ರಿಕಲ್ ಕೆಲಸ. ಐಸಿಯುನ ಎಸಿಗಳು 24 ಗಂಟೆ ಓಡುತ್ತವೆ. ಅವನ್ನು ಪಾಳಿಯ ಮೇಲೆ ಓಡಿಸಿ. ಪ್ಯಾನೆಲ್‌ಗಳನ್ನು ಥರ್ಮಲ್ ಕ್ಯಾಮೆರಾದಲ್ಲಿ ನೋಡಿಸಿ, ಸಡಿಲವಾದ ಜಾಯಿಂಟ್ ಬಿಸಿಯಾಗಿ ಹೊಳೆಯುತ್ತದೆ. ಯುಪಿಎಸ್ ರೂಮಿನ ಒಂದು ನ್ಯೂಟ್ರಲ್ ಟರ್ಮಿನಲ್ ನಮಗೆ ಹಾಗೇ ಸಿಕ್ಕಿತು. ಎಂಆರ್‌ಐ ರೂಮಿಗೆ ಅಯಸ್ಕಾಂತಕ್ಕೆ ಅಂಟದ ಸಿಲಿಂಡರೇ ಬೇಕು. ಕರೆಂಟ್ ತೆಗೆದರೂ ಆ ಅಯಸ್ಕಾಂತ ಕೆಲಸ ಮಾಡುತ್ತಲೇ ಇರುತ್ತದೆ. ಉಕ್ಕಿನ ಸಿಲಿಂಡರ್ ಹಾರಿ ಹೋಗಿ ಬಡಿಯುತ್ತದೆ. ಅಗ್ನಿಶಾಮಕ ಸಿಬ್ಬಂದಿಗೂ ಇದನ್ನು ಮುಂಚೆಯೇ ತೋರಿಸಿಟ್ಟಿದ್ದೇವೆ.

ದೀಪದ ವಿಷಯ ಸೂಕ್ಷ್ಮ. ಆಯುಧ ಪೂಜೆಯ ದಿನ ಮಷಿನ್‌ಗಳಿಗೆ ಕರ್ಪೂರದ ಆರತಿ ಬೇಡ ಎಂದರೆ ಟೆಕ್ನಿಷಿಯನ್‌ಗಳಿಗೆ ಬೇಜಾರು. ಹಾಸಿಗೆ ಪಕ್ಕ ದೇವರ ಫೋಟೋ ಇಟ್ಟು ಊದುಬತ್ತಿ ಹಚ್ಚುವ ತಾಯಂದಿರನ್ನು ಗದರಿಸಲೂ ಆಗದು. ಕೆಳಗೆ ಪೋರ್ಟಿಕೋದ ಗಣಪತಿ ಗುಡಿ ಹತ್ತಿರ ಮರಳು ತುಂಬಿದ ದೀಪದ ಜಾಗ ಮಾಡಿಸಿದೆವು. ಮೇಲೆ ಅರಿಶಿನ, ಕುಂಕುಮ, ಹೂವು ಮಾತ್ರ. ಕಾರಣ ವಿವರಿಸಿ ಹೇಳಿದರೆ ಜನ ಒಪ್ಪುತ್ತಾರೆ. ಕಷ್ಟವಾಗಿದ್ದು ಇಂಡಕ್ಷನ್ ಒಲೆ ತರುವ ರೋಗಿಯ ಕಡೆಯವರದ್ದು. ಬಾಣಂತಿಗೆ ಬಿಸಿನೀರು ಬೇಕೇ ಬೇಕು. ಪ್ರತಿ ಮಹಡಿಯಲ್ಲೂ ರಾತ್ರಿಯಿಡೀ ಬಿಸಿನೀರು ಸಿಗುವಂತೆ ಮಾಡಿದ ಮೇಲೆ ಒಲೆಗಳು ತಾವಾಗಿ ಕಮ್ಮಿಯಾದವು.

ಅಗ್ನಿಶಾಮಕ ಇಲಾಖೆಯ ತಪಾಸಣೆಗೆ ಹೆದರುವುದೇನೂ ಇಲ್ಲ. ಅವರು ನೋಡುವುದು ನಾವು ದಿನಾ ನೋಡಬೇಕಾದ್ದನ್ನೇ. ಬೆಂಕಿ ಆರಿಸುವ ನೀರಿನ ಕೊಳಾಯಿಗಳಲ್ಲಿ, ಅಂದರೆ ಹೈಡ್ರಂಟ್‌ಗಳಲ್ಲಿ, ಅತಿ ದೂರದ್ದರಲ್ಲಿ 3.5 ಬಾರ್ ಒತ್ತಡ ಬರುತ್ತಾ, ಡೀಸೆಲ್ ಪಂಪಿನ ಬ್ಯಾಟರಿ ಹಿಡಿಯುತ್ತಾ, ಪಂಪ್ ಪ್ಯಾನೆಲ್ ಆಟೋದಲ್ಲಿ ಇದೆಯಾ. ಕೊನೆಯದನ್ನು ಗಮನಿಸಿ. ಪೈಪ್ ಎಲ್ಲೋ ಸೋರಿದರೆ ಪೈಪಿನ ಒತ್ತಡ ಕಾಯ್ದುಕೊಳ್ಳುವ ಸಣ್ಣ ಜಾಕಿ ಪಂಪ್ ಪದೇ ಪದೇ ಓಡುತ್ತದೆ. ಸದ್ದಿಗೆ ಬೇಸತ್ತು ಯಾರೋ ಅದನ್ನು ಮ್ಯಾನ್ಯುಯಲ್‌ಗೆ ಹಾಕಿಬಿಡುತ್ತಾರೆ. ಸೋರಿಕೆ ಹುಡುಕಿ, ಸ್ವಿಚ್ ಮುಟ್ಟಬೇಡಿ.

ಬೆಂಕಿಯ ಅಣಕು ಡ್ರಿಲ್ ಅಂದರೆ ಹಗಲು ಲಾನ್ ಮೇಲೆ ಟ್ರೇಯಲ್ಲಿ ಡೀಸೆಲ್ ಹಚ್ಚಿ ಆರಿಸುವುದು ಅಷ್ಟೇ ಎಂದು ಮುಗಿಸಬೇಡಿ. ನಾವು ರಾತ್ರಿ ಪಾಳಿಯಲ್ಲಿ ಮಾಡುತ್ತೇವೆ, ಖಾಲಿ ಇರುವ ವಾರ್ಡಿನಲ್ಲಿ, ಸಿಬ್ಬಂದಿಯೇ ರೋಗಿಗಳಾಗಿ ಮಲಗಿ. ನಾಲ್ಕು ಮಾತು ಎಲ್ಲರಿಗೂ ಬಾಯಿಪಾಠ: ರೋಗಿಯನ್ನು ಸರಿಸು, ಕೂಗಿ ಹೇಳು, ಬಾಗಿಲು ಹಾಕು, ಆಮೇಲೆ ಆರಿಸು. ಬೆಂಕಿಗೆ ಹತ್ತಿರ ಇರುವವರು ಮೊದಲು, ಆಮೇಲೆ ನಡೆಯಬಲ್ಲವರು, ನಂತರ ಗಾಲಿಕುರ್ಚಿಯವರು, ಹಾಸಿಗೆ ಹಿಡಿದವರು. ಹಾಸಿಗೆ ಉರುಳಿಸಲು ಆಗದಿದ್ದರೆ ಬೆಡ್‌ಶೀಟ್ ಸಮೇತ ನೆಲಕ್ಕೆ ಇಳಿಸಿ, ತಲೆ ಕಡೆಯಿಂದ ಹಿಡಿದು ಎಳೆಯುವುದು. ಇದರಲ್ಲಿ ಹೌಸ್‌ಕೀಪಿಂಗ್‌ನ ಆಯಾಗಳು ಎಲ್ಲರಿಗಿಂತ ಚುರುಕು. ಈಗ ಹೊಸ ನರ್ಸ್‌ಗಳಿಗೆ ಅವರೇ ಕಲಿಸುತ್ತಾರೆ. ಅವರ ಹೆಸರು ಟ್ರೇನರ್ ಎಂದೇ ರಿಜಿಸ್ಟರ್‌ನಲ್ಲಿ ಇದೆ.

ಸದ್ಯ ಕೈಯಲ್ಲಿರುವುದು ಡಯಾಲಿಸಿಸ್ ಘಟಕ. ಅಲ್ಲಿ ರೋಗಿ ನಡೆಯಬಲ್ಲರು, ಆದರೆ ಅವರ ರಕ್ತ ಮಷಿನ್‌ನಲ್ಲಿ ಓಡುತ್ತಿರುತ್ತದೆ. ಪ್ರತಿ ಕುರ್ಚಿಗೂ ಕ್ಲ್ಯಾಂಪ್‌ಗಳ ಒಂದು ಚೀಲ ನೇತುಹಾಕುತ್ತಿದ್ದೇವೆ. ಪಂಪ್ ನಿಲ್ಲಿಸು, ಎರಡೂ ಲೈನ್‌ಗಳಲ್ಲಿ ರೋಗಿಯ ಬದಿಗೂ ಮಷಿನ್ ಬದಿಗೂ ಕ್ಲ್ಯಾಂಪ್ ಹಾಕು, ನಡುವೆ ಬಿಚ್ಚು, ಸೂಜಿ ಕೈಯಲ್ಲೇ ಇರಲಿ, ಆಚೆ ಬದಿಗೆ ನಡೆಸು. ಟೆಕ್ನಿಷಿಯನ್‌ಗಳು ಇದನ್ನು ಖಾಲಿ ಲೈನ್ ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದಾರೆ. ಕತ್ತಲಲ್ಲೂ ಕೈಗೆ ಗುರುತು ಸಿಗಲಿ ಎಂದು ರೋಗಿಯ ಬದಿಯ ಕ್ಲ್ಯಾಂಪ್‌ಗೆ ಒರಟು ಟೇಪ್ ಸುತ್ತೋಣ ಎಂದು ಅವರಲ್ಲೇ ಒಬ್ಬರು ಸಲಹೆ ಕೊಟ್ಟರು. ಈ ವಾರ ಅದನ್ನು ಸುತ್ತುತ್ತಿದ್ದೇವೆ.