ಮಜ್ಜಿಗೆ ಹುಲ್ಲು: ಕಷಾಯ ಸರಿ, ಎಣ್ಣೆಗೆ ಹುಷಾರು

ಮಳೆಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಕಷಾಯ ತಪ್ಪುವುದಿಲ್ಲ. ಹಿತ್ತಲಲ್ಲಿ ಒಂದೇ ಬುಡ ನೆಟ್ಟಿದ್ದೆ, ಈಗ ದೊಡ್ಡ ಪೊದೆಯಾಗಿದೆ. ನೆಲದಿಂದ ಗೇಣುದ್ದ ಬಿಟ್ಟು ಕುಡುಗೋಲಿನಲ್ಲಿ ಕೊಯ್ದರೆ ಮತ್ತೆ ಚಿಗುರುತ್ತದೆ. ಎಲೆಯ ಅಂಚು ಬಹಳ ಹರಿತ, ಬರಿಗೈಯಲ್ಲಿ ಎಳೆದರೆ ಬೆರಳು ಸೀಳುತ್ತದೆ.

ಎರಡು ಲೋಟ ನೀರಿಗೆ ನಾಲ್ಕೈದು ಎಲೆ ಸಾಕು. ತೊಳೆದು, ಮಡಚಿ, ಗಂಟು ಹಾಕುತ್ತೇನೆ. ಸಣ್ಣಗೆ ಹೆಚ್ಚಿದರೆ ಚೂರು ಗಂಟಲಿಗೆ ಚುಚ್ಚುತ್ತದೆ. ಗಂಟಾದರೆ ಹಾಗೇ ಎತ್ತಿಬಿಡಬಹುದು. ಜಜ್ಜಿದ ಶುಂಠಿ, ಕಾಳುಮೆಣಸು, ಚೂರು ಬೆಲ್ಲ ಮೊದಲು ಕುದಿಯಬೇಕು. ಒಲೆ ಆರಿಸಿದ ಮೇಲೆ ಹುಲ್ಲು ಹಾಕಿ ತಟ್ಟೆ ಮುಚ್ಚಿಡುತ್ತೇನೆ, ಇಲ್ಲದಿದ್ದರೆ ಘಮವೆಲ್ಲ ಆವಿಯ ಜೊತೆ ಹೋಗುತ್ತದೆ.

ಮೂಗು ಕಟ್ಟಿದಾಗ, ಊಟ ಜಾಸ್ತಿಯಾಗಿ ಹೊಟ್ಟೆ ಉಬ್ಬರಿಸಿದಾಗ ಇದು ನನಗೆ ಹಿತ ಕೊಟ್ಟಿದೆ. ಅದಕ್ಕಿಂತ ದೊಡ್ಡ ಮಾತು ನಾನು ಆಡುವುದಿಲ್ಲ. ಬ್ರೆಜಿಲ್‌ನಲ್ಲಿ ಇದನ್ನು ನಿದ್ದೆಗೆ, ಆತಂಕಕ್ಕೆ ಕುಡಿಯುತ್ತಾರೆ. ಅಲ್ಲಿನ ಸಂಶೋಧಕರೇ ಆರೋಗ್ಯವಂತರಿಗೆ ಕುಡಿಸಿ ನೋಡಿ, 1986ರಲ್ಲಿ ವರದಿ ಮಾಡಿದರು: ನಿದ್ದೆಗೂ ಆತಂಕಕ್ಕೂ ವಿಶೇಷ ಪರಿಣಾಮ ಕಾಣಲಿಲ್ಲ, ಕೆಡುಕೂ ಕಾಣಲಿಲ್ಲ. ಜ್ವರ ಎರಡು ದಿನ ದಾಟಿದರೆ ನಾನು ಕಷಾಯ ನಂಬಿ ಕೂರುವುದಿಲ್ಲ. ಡೆಂಗಿ ಇರಬಹುದಲ್ವಾ, ರಕ್ತ ಪರೀಕ್ಷೆ ಮಾಡಿಸಲೇಬೇಕು. ಬಸುರಿಯರಿಗೆ ಇದನ್ನು ಔಷಧಿಯ ಹಾಗೆ ಕೊಡುವುದಿಲ್ಲ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು ದಿನಾ ಕುಡಿಯುವ ಮುಂಚೆ ಡಾಕ್ಟರನ್ನು ಕೇಳಲಿ.

ಎಣ್ಣೆಯ ವಿಷಯವೇ ಬೇರೆ. ಒಂದು ಕೆಜಿ ಹಸಿ ಎಲೆ ಭಟ್ಟಿ ಇಳಿಸಿದರೆ ಸಿಗುವುದು ಹೆಚ್ಚೆಂದರೆ ಒಂದು ಚಮಚ ಎಣ್ಣೆ. ಅದರಲ್ಲಿ ಮುಕ್ಕಾಲು ಪಾಲು ಸಿಟ್ರಾಲ್, ಅಂದರೆ ನಿಂಬೆ ವಾಸನೆ ಕೊಡುವ ರಾಸಾಯನಿಕ. ಹಾಗೇ ಚರ್ಮಕ್ಕೆ ಹಚ್ಚಿದರೆ ಉರಿ, ಕೆಲವರಿಗೆ ಗುಳ್ಳೆ. ಮೈಕೈ ನೋವಿಗೆ ನಾನು ಮೂರು ಚಮಚ ಕೊಬ್ಬರಿ ಎಣ್ಣೆಗೆ ಎರಡೇ ಹನಿ ಬೆರೆಸಿ, ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯುತ್ತೇನೆ. ಕುಡಿಯುವ ಮಾತೇ ಇಲ್ಲ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಮೇಲಿನ ಕಪಾಟಿನಲ್ಲಿ ಇಡುತ್ತೇನೆ.

ನರ್ಸರಿಯಿಂದ ಸಸಿ ತರುವವರಿಗೆ ಇನ್ನೊಂದು ಮಾತು. ಸಿಟ್ರೊನೆಲ್ಲಾ ಹುಲ್ಲು ನೋಡಲು ಥೇಟ್ ಹೀಗೇ ಇರುತ್ತದೆ, ಆದರೆ ಕಷಾಯಕ್ಕಲ್ಲ. ಅದರ ಬುಡ ಸಾಮಾನ್ಯವಾಗಿ ಕೆಂಪಗೆ, ನಮ್ಮ ಮನೆಯ ಮಜ್ಜಿಗೆ ಹುಲ್ಲಿನದು ಬಿಳಿ ಹಸಿರು. ಬಣ್ಣ ಒಂದನ್ನೇ ನಂಬಬೇಡಿ, ಎಲೆ ಉಜ್ಜಿ ಮೂಸಿ. ನಿಂಬೆ ವಾಸನೆ ಬಂದರೆ ತನ್ನಿ. ಸೊಳ್ಳೆ ಓಡಿಸುವ ಕ್ರೀಮಿನ ವಾಸನೆ ಬಂದರೆ ಅಡುಗೆಮನೆಗೆ ಬೇಡ.